ಫ್ರಿಜ್ ಕಂಪ್ರೆಸರ್: ಬದಲಾಯಿಸುವ ಮುನ್ನ ವರ್ತಕರು ತಿಳಿದಿರಬೇಕಾದ ಸಂಗತಿಗಳು

ವಸ್ತಾರೆಯಲ್ಲಿ ಬೇಕರಿ ನಡೆಸುತ್ತಿರುವ ನನ್ನ ಕಕ್ಷಿದಾರರೊಬ್ಬರ ವಾರ್ಷಿಕ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿದ್ದಾಗ 'ಯಂತ್ರ ದುರಸ್ತಿ' ಖಾತೆಯಲ್ಲಿ ಎರಡು ನಮೂದುಗಳು ಗಮನ ಸೆಳೆದವು. ಜೂನ್ ತಿಂಗಳಲ್ಲಿ ಫ್ರಿಜ್ ಕಂಪ್ರೆಸರ್ ಬದಲಾವಣೆಗೆ 13,000 ರೂಪಾಯಿ. ಆಗಸ್ಟ್ ತಿಂಗಳಲ್ಲಿ ಅದೇ ಫ್ರಿಜ್ಜಿಗೆ ಅದೇ ಕೆಲಸಕ್ಕೆ 14,500 ರೂಪಾಯಿ. ಎರಡೂ ನಗದು ಪಾವತಿ. ಎರಡಕ್ಕೂ ಬಿಲ್ಲಿಲ್ಲ. ವಿಚಾರಿಸಿದಾಗ ಅವರು ಹೇಳಿದ್ದಿಷ್ಟು: "ಕಂಪ್ರೆಸರ್ ಸುಟ್ಟಿದೆ ಅಂದ್ರು ಸಾರ್, ಹಾಕಿಸ್ದೆ. ಎರಡು ತಿಂಗಳಿಗೆ ಮತ್ತೆ ಹೋಯ್ತು. ಒಳಗಿದ್ದ ಬೆಣ್ಣೆ, ಕ್ರೀಮು ಎಲ್ಲಾ ಚೆಲ್ಲಬೇಕಾಯ್ತು."

ಹೊಸ ಕಂಪ್ರೆಸರ್ ಎರಡೇ ತಿಂಗಳಲ್ಲಿ ಏಕೆ ಕೆಟ್ಟಿತು, ಖಾತರಿ ಅವಧಿಯ ಹಕ್ಕನ್ನು ಏಕೆ ಚಲಾಯಿಸಲಾಗಲಿಲ್ಲ, ಈ 27,500 ರೂಪಾಯಿಗಳಲ್ಲಿ ಎಷ್ಟನ್ನು ತೆರಿಗೆ ಲೆಕ್ಕದಲ್ಲಿ ವೆಚ್ಚವೆಂದು ತೋರಿಸಬಹುದು ಎಂಬ ಮೂರು ಪ್ರಶ್ನೆಗಳು ಅಲ್ಲಿ ಉದ್ಭವಿಸಿದವು. ಮೂರನೆಯದು ನನ್ನ ವೃತ್ತಿಗೆ ಸೇರಿದ್ದು. ಮೊದಲೆರಡಕ್ಕೆ ಉತ್ತರ ಕಂಡುಕೊಳ್ಳಲು ಶೈತ್ಯ ಯಂತ್ರಗಳಲ್ಲಿ ನುರಿತ ತಂತ್ರಜ್ಞರೊಡನೆ ಕುಳಿತು ವಿಷಯವನ್ನು ಮನನ ಮಾಡಿಕೊಳ್ಳಬೇಕಾಯಿತು. ಬೇಕರಿ, ಹೋಟೆಲು, ಔಷಧದಂಗಡಿ, ಹಾಲಿನ ಮಳಿಗೆ, ಹೋಂ ಸ್ಟೇ ಮುಂತಾದ ಉದ್ಯಮಗಳಲ್ಲಿ ತೊಡಗಿರುವ ನಮ್ಮ ಸದಸ್ಯರಲ್ಲಿ ಅನೇಕರಿಗೆ ಇದು ಉಪಯುಕ್ತವಾಗಬಹುದೆಂದು ಭಾವಿಸಿ ಈ ಲೇಖನವನ್ನು ಸಿದ್ಧಪಡಿಸಿದ್ದೇನೆ.

ತಂಪು ಉಂಟಾಗುವ ಬಗೆ

ಮಣ್ಣಿನ ಹೂಜಿಯಲ್ಲಿನ ನೀರು ತಣ್ಣಗಿರುವುದನ್ನು ನಾವೆಲ್ಲರೂ ಬಲ್ಲೆವು. ಹೂಜಿಯ ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ಅದಕ್ಕೆ ಬೇಕಾದ ಶಾಖವನ್ನು ಹೂಜಿಯಿಂದಲೇ ಪಡೆದುಕೊಳ್ಳುತ್ತದೆ. ಫ್ರಿಜ್ಜಿನ ತತ್ತ್ವವೂ ಇದೇ. ವ್ಯತ್ಯಾಸವಿಷ್ಟೆ: ಹೂಜಿಯಲ್ಲಿ ಆವಿಯಾದ ನೀರು ಗಾಳಿಗೆ ಸೇರಿಹೋಗುತ್ತದೆ, ಫ್ರಿಜ್ಜಿನಲ್ಲಿ ಆವಿಯಾದ ಶೀತಕ ದ್ರವವನ್ನು ಮತ್ತೆ ದ್ರವವಾಗಿಸಿ ಪುನಃ ಬಳಸಲಾಗುತ್ತದೆ.

ಈ ಕಾರ್ಯಕ್ಕೆ ಅತಿ ಕಡಿಮೆ ಉಷ್ಣತೆಯಲ್ಲಿ ಕುದಿಯುವ ದ್ರವ ಬೇಕು. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಆರ್-134ಎ ಎಂಬ ಶೀತಕವು ಸಾಮಾನ್ಯ ವಾಯುಭಾರದಲ್ಲಿ ಶೂನ್ಯಕ್ಕಿಂತ ಸುಮಾರು 26 ಡಿಗ್ರಿ ಕೆಳಗೆ, ಆರ್-600ಎ ಎಂಬುದು ಸುಮಾರು 12 ಡಿಗ್ರಿ ಕೆಳಗೆ ಕುದಿಯುತ್ತದೆ. ಒತ್ತಡವನ್ನು ತಗ್ಗಿಸಿದರೆ ಇನ್ನೂ ಕಡಿಮೆ ಉಷ್ಣತೆಯಲ್ಲಿ ಕುದಿಯುತ್ತದೆ. ಹೆಚ್ಚಿಸಿದರೆ ಕೋಣೆಯ ಉಷ್ಣತೆಯಲ್ಲಿಯೇ ದ್ರವವಾಗಿ ಮಾರ್ಪಡುತ್ತದೆ. ಒತ್ತಡದ ಈ ಏರಿಳಿತವನ್ನು ಉಂಟುಮಾಡುವ ಯಂತ್ರವೇ ಕಂಪ್ರೆಸರ್.

ಶೀತಕದ ಪಯಣದಲ್ಲಿ ನಾಲ್ಕು ಘಟ್ಟಗಳಿವೆ. ಫ್ರೀಜರ್ ಭಾಗದ ಇವಾಪರೇಟರಿನಲ್ಲಿ ಅದು ಕಡಿಮೆ ಒತ್ತಡದಲ್ಲಿ ಕುದಿದು, ಒಳಗಿರುವ ಪದಾರ್ಥಗಳ ಶಾಖವನ್ನು ಹೀರುತ್ತದೆ. ಹೀಗೆ ಉಂಟಾದ ಆವಿಯನ್ನು ಕಂಪ್ರೆಸರ್ ಸೆಳೆದು ಒತ್ತುತ್ತದೆ; ಆಗ ಅದು ಹೆಚ್ಚು ಒತ್ತಡದ ಬಿಸಿ ಅನಿಲವಾಗುತ್ತದೆ. ಫ್ರಿಜ್ಜಿನ ಹಿಂಬದಿಯಲ್ಲಿ ಅಥವಾ ಪಕ್ಕದ ಗೋಡೆಗಳೊಳಗೆ ಇರುವ ಕಂಡೆನ್ಸರ್ ಕೊಳವೆಗಳಲ್ಲಿ ಆ ಶಾಖ ಹೊರಗಿನ ಗಾಳಿಗೆ ಬಿಟ್ಟುಹೋಗಿ ಅನಿಲವು ದ್ರವವಾಗುತ್ತದೆ. ಆ ದ್ರವವು ಫಿಲ್ಟರ್ ಡ್ರೈಯರ್ ಎಂಬ ಸಣ್ಣ ಶೋಧಕದ ಮೂಲಕ ಹಾದು, ಕೂದಲೆಳೆಯಂತಹ ರಂಧ್ರವುಳ್ಳ ಕ್ಯಾಪಿಲರಿ ಕೊಳವೆಯನ್ನು ದಾಟುವಾಗ ಒತ್ತಡ ಕಳೆದುಕೊಂಡು, ಪುನಃ ಇವಾಪರೇಟರನ್ನು ಸೇರುತ್ತದೆ.

ಇಲ್ಲಿ ವರ್ತಕರು ನೆನಪಿಡಬೇಕಾದ ಒಂದು ಮಾತಿದೆ. ಶೀತಕವು ನಮ್ಮ ದುಡಿಯುವ ಬಂಡವಾಳದಂತೆ ಸುತ್ತುತ್ತಿರುತ್ತದೆಯೇ ಹೊರತು ಪೆಟ್ರೋಲಿನಂತೆ ಉರಿದು ಖರ್ಚಾಗುವುದಿಲ್ಲ. "ಗ್ಯಾಸ್ ಮುಗಿದಿದೆ, ತುಂಬಿಸಿದರೆ ಸಾಕು" ಎಂದು ಯಾರಾದರೂ ಹೇಳಿದಲ್ಲಿ, ಎಲ್ಲಿಯೋ ಸೋರಿಕೆ ಇದೆಯೆಂದೇ ಅರ್ಥ. ಸೋರಿಕೆಯನ್ನು ಪತ್ತೆಹಚ್ಚದೆ ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಹೊತ್ತಂತೆ.

ಕಂಪ್ರೆಸರಿನ ಒಳರಚನೆ

ಫ್ರಿಜ್ಜಿನ ಕೆಳಭಾಗದಲ್ಲಿ ಕಾಣುವ ಕಪ್ಪು ಬಣ್ಣದ ಉಕ್ಕಿನ ಗುಂಡು ಪೆಟ್ಟಿಗೆಯೇ ಕಂಪ್ರೆಸರ್. ಅದರೊಳಗೆ ಒಂದು ವಿದ್ಯುತ್ ಮೋಟರು, ಅದಕ್ಕೆ ಜೋಡಿಸಿದ ಪಿಸ್ಟನ್, ಕವಾಟಗಳು ಹಾಗೂ ಎಣ್ಣೆ ಇರುತ್ತವೆ. ಪೆಟ್ಟಿಗೆಯನ್ನು ಸಂಪೂರ್ಣವಾಗಿ ಬೆಸೆದು ಮುಚ್ಚಿರುವುದರಿಂದ ಒಳಗಿನ ಬಿಡಿಭಾಗವನ್ನು ಮಾತ್ರ ಬದಲಾಯಿಸುವುದು ವ್ಯಾವಹಾರಿಕವಲ್ಲ. ಕೆಟ್ಟರೆ ಇಡೀ ಕಂಪ್ರೆಸರನ್ನೇ ಬದಲಾಯಿಸಬೇಕಾಗುತ್ತದೆ. ಮೋಟರು ಶೀತಕದ ಆವಿಯಲ್ಲಿಯೇ ಮುಳುಗಿದ್ದು, ಹಿಂದಿರುಗಿ ಬರುವ ತಂಪಾದ ಆವಿಯಿಂದಲೇ ತನ್ನ ಶಾಖವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಗ್ಯಾಸ್ ಕಡಿಮೆಯಾದ ಫ್ರಿಜ್ಜನ್ನು ದಿನಗಟ್ಟಲೆ ಓಡಿಸಿದರೆ ಪದಾರ್ಥ ತಣ್ಣಗಾಗದಿರುವುದಲ್ಲದೆ ಕಂಪ್ರೆಸರಿನ ಮೋಟರೂ ಕಾದು ಹಾಳಾಗಬಹುದು.

ಹೊರಭಾಗದಲ್ಲಿ ಎರಡು ಸಣ್ಣ ಬಿಡಿಭಾಗಗಳಿವೆ. ಮೊದಲನೆಯದು ಮೋಟರು ಚಾಲನೆಗೊಳ್ಳಲು ನೆರವಾಗುವ ರಿಲೇ. ಎರಡನೆಯದು ಮೋಟರು ಅತಿಯಾಗಿ ಕಾದಾಗ ವಿದ್ಯುತ್ತನ್ನು ಕಡಿತಗೊಳಿಸುವ ಓವರ್‌ಲೋಡ್. ಕಂಪ್ರೆಸರಿನ ಬೆಲೆಗೆ ಹೋಲಿಸಿದರೆ ಇವುಗಳ ಬೆಲೆ ಅತ್ಯಲ್ಪ.

ದೋಷ ನಿಜವಾಗಿಯೂ ಕಂಪ್ರೆಸರಿನದೇ?

ಫ್ರಿಜ್ ತಣ್ಣಗಾಗದಿದ್ದೊಡನೆ ಕಂಪ್ರೆಸರ್ ಕೆಟ್ಟಿತೆಂದು ತೀರ್ಮಾನಿಸುವುದು ಸರಿಯಲ್ಲ. ಮೊದಲು ಈ ಕೆಳಗಿನವುಗಳನ್ನು ಪರೀಕ್ಷಿಸತಕ್ಕದ್ದು.

1. ಪ್ಲಗ್ ಪಾಯಿಂಟಿನಲ್ಲಿ, ಕಂಪ್ರೆಸರ್ ಚಾಲನೆಗೊಳ್ಳುವ ಕ್ಷಣದಲ್ಲಿ, ಎಷ್ಟು ವೋಲ್ಟೇಜ್ ಇದೆ?

2. ಥರ್ಮೋಸ್ಟ್ಯಾಟ್ ಕೆಲಸ ಮಾಡುತ್ತಿದೆಯೇ? ಬಾಗಿಲಿನ ರಬ್ಬರ್ ಪಟ್ಟಿ ಸರಿಯಾಗಿ ಕೂರುತ್ತಿದೆಯೇ?

3. ಕಂಡೆನ್ಸರ್ ಮೇಲೆ ಧೂಳು, ಎಣ್ಣೆ ಜಿಡ್ಡು, ಹಿಟ್ಟು ಕಟ್ಟಿಕೊಂಡಿದೆಯೇ? ಫ್ಯಾನ್ ಇರುವ ಯಂತ್ರವಾದಲ್ಲಿ ಅದು ತಿರುಗುತ್ತಿದೆಯೇ? ಬೇಕರಿಯಲ್ಲಿ ಒಲೆಯ ಪಕ್ಕದಲ್ಲಿ, ಗೋಡೆಗೆ ಒತ್ತಿ ನಿಲ್ಲಿಸಿದ ಫ್ರಿಜ್ಜಿಗೆ ಶಾಖ ಬಿಡಲು ಸ್ಥಳವೇ ಇರುವುದಿಲ್ಲ.

4. ಕೆಲವು ನಿಮಿಷಗಳಿಗೊಮ್ಮೆ 'ಟಕ್' ಎಂಬ ಸದ್ದು ಬಂದು ಕಂಪ್ರೆಸರ್ ನಿಂತುಹೋಗುತ್ತಿದೆಯೇ? ಇದು ಓವರ್‌ಲೋಡ್ ಕಡಿತದ ಲಕ್ಷಣ. ಕಾರಣ ಕಡಿಮೆ ವೋಲ್ಟೇಜ್ ಇರಬಹುದು, ರಿಲೇ ಇರಬಹುದು, ಕಂಪ್ರೆಸರೂ ಇರಬಹುದು. ಅಗ್ಗದ ಕಾರಣವನ್ನು ಮೊದಲು ಪರೀಕ್ಷಿಸಬೇಕು.

ಇವೆಲ್ಲವೂ ಸರಿಯಿದ್ದಲ್ಲಿ ಮಾತ್ರ ಮೋಟರಿನ ಪರೀಕ್ಷೆ. ಸಾಮಾನ್ಯ ಮಾದರಿಯ ಕಂಪ್ರೆಸರಿಗೆ ಮೂರು ಪಿನ್ನುಗಳಿರುತ್ತವೆ: ಕಾಮನ್, ರನ್ ಮತ್ತು ಸ್ಟಾರ್ಟ್. ವಿದ್ಯುತ್ ಸಂಪರ್ಕ ತಪ್ಪಿಸಿ, ಮೀಟರಿನಿಂದ ಎರಡೆರಡು ಪಿನ್ನುಗಳ ನಡುವಿನ ಪ್ರತಿರೋಧವನ್ನು ಅಳೆಯಲಾಗುತ್ತದೆ. ಕಾಮನ್-ರನ್ ನಡುವೆ 10 ಓಮ್, ಕಾಮನ್-ಸ್ಟಾರ್ಟ್ ನಡುವೆ 18 ಓಮ್ ಬಂದರೆ, ರನ್-ಸ್ಟಾರ್ಟ್ ನಡುವೆ ಅವೆರಡರ ಮೊತ್ತವಾದ 28 ಓಮ್ ಬರಬೇಕು. ಜಮಾ-ಖರ್ಚಿನ ತಾಳೆಯಂತೆ ಈ ಲೆಕ್ಕ ತಾಳೆಯಾಗದಿದ್ದಲ್ಲಿ ಸುರುಳಿಯಲ್ಲಿ ದೋಷವಿದೆ. ಯಾವುದೇ ಪಿನ್ನಿಗೂ ಕಂಪ್ರೆಸರಿನ ಲೋಹದ ಮೈಗೂ ಸಂಪರ್ಕ ಕಂಡುಬಂದರೆ ಅದು ಬದಲಾಯಿಸಲೇಬೇಕಾದ ಸ್ಥಿತಿ. ಅಂಥ ಫ್ರಿಜ್ಜನ್ನು ಮುಟ್ಟಿದವರಿಗೆ ವಿದ್ಯುದಾಘಾತವಾಗುವ ಅಪಾಯವೂ ಇದೆ.

ಇತ್ತೀಚಿನ ಇನ್ವರ್ಟರ್ ಮಾದರಿಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವುಗಳಲ್ಲಿ ಮೂರೂ ಅಳತೆಗಳು ಹೆಚ್ಚುಕಡಿಮೆ ಸಮನಾಗಿರುತ್ತವೆ. ಅಂಥ ಕಂಪ್ರೆಸರನ್ನು ಪರೀಕ್ಷೆಗೆಂದು ನೇರವಾಗಿ 230 ವೋಲ್ಟ್ ಲೈನಿಗೆ ಜೋಡಿಸಬಾರದು. ದೋಷವು ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿಯೂ ಇರಬಹುದು.

ಮಲೆನಾಡಿನ ವಿಶೇಷ ಸಮಸ್ಯೆ

ವಸ್ತಾರೆ, ಆಲ್ದೂರು, ಮೂಡಿಗೆರೆ, ಕಳಸದ ಕಡೆ ಮಳೆಗಾಲದಲ್ಲಿ ಮರದ ಕೊಂಬೆ ತಂತಿಯ ಮೇಲೆ ಬೀಳುವುದು, ವಿದ್ಯುತ್ ಹೋಗಿ ಬಂದು ಹೋಗುವುದು ಸರ್ವೇಸಾಮಾನ್ಯ. ಉದ್ದನೆಯ ಲೈನಿನ ಕೊನೆಯಲ್ಲಿರುವ ಅಂಗಡಿಗಳಿಗೆ ಕಾಫಿ ಕೊಯ್ಲಿನ ಕಾಲದಲ್ಲಿ ಪಲ್ಪರ್ ಮೋಟರುಗಳು, ಬೇಸಗೆಯಲ್ಲಿ ನೀರಾವರಿ ಪಂಪುಗಳು ಓಡುವಾಗ ವೋಲ್ಟೇಜ್ ಕುಸಿಯುವುದೂ ಉಂಟು. ಈ ಎರಡೂ ಸ್ಥಿತಿಗಳು ಕಂಪ್ರೆಸರಿಗೆ ಮಾರಕ.

ಕಂಪ್ರೆಸರ್ ನಿಂತೊಡನೆ ಅದರ ಎರಡು ಬದಿಗಳ ಒತ್ತಡಗಳು ಕ್ಯಾಪಿಲರಿ ಕೊಳವೆಯ ಮೂಲಕ ನಿಧಾನವಾಗಿ ಸಮನಾಗುತ್ತವೆ. ಇದಕ್ಕೆ ಕೆಲವು ನಿಮಿಷಗಳು ಬೇಕು. ಅಷ್ಟರೊಳಗೆ ವಿದ್ಯುತ್ ಮರಳಿ ಬಂದರೆ ಪಿಸ್ಟನ್ ಪೂರ್ಣ ಒತ್ತಡದ ವಿರುದ್ಧ ಚಲಿಸಬೇಕಾಗುತ್ತದೆ. ಮೋಟರು ತಿರುಗಲಾರದೆ, ಸಾಮಾನ್ಯ ಪ್ರವಾಹದ ಹಲವು ಪಟ್ಟು ವಿದ್ಯುತ್ತನ್ನು ಎಳೆದುಕೊಂಡು ಕಾಯುತ್ತದೆ. ವೋಲ್ಟೇಜ್ ಕಡಿಮೆಯಿದ್ದಲ್ಲಿಯೂ ಇದೇ ಪರಿಣಾಮ. ಓವರ್‌ಲೋಡ್ ಒಂದೆರಡು ಬಾರಿ ಕಾಪಾಡುತ್ತದೆ. ದಿನಕ್ಕೆ ಹತ್ತಾರು ಬಾರಿ ಹೀಗಾದರೆ ಸುರುಳಿಯ ಹೊದಿಕೆ ಸುಟ್ಟುಹೋಗುತ್ತದೆ.

ನನ್ನ ಕಕ್ಷಿದಾರರ ಪ್ರಕರಣದಲ್ಲಿ ನಡೆದದ್ದೂ ಇದೇ. ಮೊದಲ ಕಂಪ್ರೆಸರಿನ ಮರಣಕ್ಕೆ ಕಾರಣವಾದದ್ದನ್ನು ಯಾರೂ ಹುಡುಕಲಿಲ್ಲ. ಅದೇ ಪಾಯಿಂಟಿಗೆ, ಸ್ಟೆಬಿಲೈಸರ್ ಇಲ್ಲದೆ, ಹೊಸ ಕಂಪ್ರೆಸರನ್ನು ಜೋಡಿಸಲಾಯಿತು. ಫಿಲ್ಟರ್ ಡ್ರೈಯರನ್ನೂ ಬದಲಾಯಿಸಿರಲಿಲ್ಲ. ವಿದ್ಯುತ್ ಬಂದ ಮೂರರಿಂದ ಐದು ನಿಮಿಷಗಳ ನಂತರವೇ ಸಂಪರ್ಕ ಕೊಡುವ, ಅಂದರೆ ಟೈಮ್ ಡಿಲೇ ಸೌಲಭ್ಯವುಳ್ಳ ಸ್ಟೆಬಿಲೈಸರನ್ನು ಅಳವಡಿಸಿದ ಮೇಲೆ ಅವರ ಮೂರನೆಯ ಕಂಪ್ರೆಸರ್ ಎರಡು ಮಳೆಗಾಲಗಳನ್ನು ದಾಟಿದೆ. ಅದಕ್ಕೆ ತಗುಲಿದ ವೆಚ್ಚ ಒಂದು ಕಂಪ್ರೆಸರ್ ಬದಲಾವಣೆಯ ವೆಚ್ಚದ ಒಂದು ಅಂಶ ಮಾತ್ರ.

ಅನಿಲದ ಹೊಂದಾಣಿಕೆ

ಹಳೆಯ ಫ್ರಿಜ್ಜುಗಳಲ್ಲಿ ಬಳಕೆಯಲ್ಲಿದ್ದ ಆರ್-12 ಅನಿಲವು ಓಝೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತಹಂತವಾಗಿ ಕೈಬಿಡಲಾಯಿತು. ಅದರ ಸ್ಥಾನಕ್ಕೆ ಆರ್-134ಎ ಬಂದಿತು. ಇದು ಓಝೋನಿಗೆ ಹಾನಿ ಮಾಡುವುದಿಲ್ಲವಾದರೂ ಭೂಮಿಯ ತಾಪವನ್ನು ಹೆಚ್ಚಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಅಧಿಕ. ಇಂಥ ಅನಿಲಗಳನ್ನು ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅನುಮೋದಿಸಿದೆ. ಇಂದು ಗೃಹಬಳಕೆಯ ಹೊಸ ಫ್ರಿಜ್ಜುಗಳಲ್ಲಿ ಬಹುತೇಕ ಆರ್-600ಎ, ಅಂದರೆ ಐಸೋಬ್ಯೂಟೇನ್ ಇರುತ್ತದೆ. ಇದು ಅಡುಗೆ ಅನಿಲದ ಬಳಗಕ್ಕೆ ಸೇರಿದ್ದು, ಬೆಂಕಿ ಹೊತ್ತಿಕೊಳ್ಳುವ ಗುಣವುಳ್ಳದ್ದು.

ಪ್ರತಿಯೊಂದು ಅನಿಲಕ್ಕೂ ತಕ್ಕ ಎಣ್ಣೆ ಹಾಗೂ ತಕ್ಕ ಗಾತ್ರದ ಸಿಲಿಂಡರ್ ಇರುವುದರಿಂದ, ಫ್ರಿಜ್ಜಿನ ಫಲಕದಲ್ಲಿ ಯಾವ ಅನಿಲವನ್ನು ಸೂಚಿಸಿದೆಯೋ ಅದಕ್ಕೆಂದೇ ತಯಾರಾದ ಕಂಪ್ರೆಸರನ್ನೇ ಹಾಕಬೇಕು. ಆರ್-134ಎ ಯಂತ್ರಕ್ಕೆ ಅಗ್ಗವೆಂದು ಉರಿಯುವ ಅನಿಲವನ್ನು ತುಂಬುವ ಪದ್ಧತಿ ಅಪಾಯಕರ. ಆ ಯಂತ್ರದ ಸ್ವಿಚ್ಚು, ದೀಪ, ಥರ್ಮೋಸ್ಟ್ಯಾಟುಗಳು ಕಿಡಿ ರಹಿತವಾಗಿ ವಿನ್ಯಾಸಗೊಂಡಿರುವುದಿಲ್ಲ. ಅದೇ ರೀತಿ, ಐಸ್‌ಕ್ರೀಮ್ ಇಡುವ ಡೀಪ್ ಫ್ರೀಜರಿಗೂ ತಂಪುಪಾನೀಯದ ಬಾಟಲ್ ಕೂಲರಿಗೂ ಬೇಕಾದ ಕಂಪ್ರೆಸರುಗಳು ಬೇರೆಬೇರೆ. ಅಶ್ವಶಕ್ತಿ ಒಂದೇ ಎಂಬ ಮಾತ್ರಕ್ಕೆ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಬದಲಾವಣೆಯ ಕ್ರಮ

ಇದು ತರಬೇತಿ ಪಡೆದ ತಂತ್ರಜ್ಞರು ಮಾಡತಕ್ಕ ಕೆಲಸ. ಆದರೆ ಹಣ ತೆರುವ ಮಾಲೀಕರಿಗೆ ಅದರ ಹಂತಗಳು ತಿಳಿದಿದ್ದರೆ, ಯಾವುದನ್ನು ಬಿಟ್ಟಿದ್ದಾರೆಂದು ಕೇಳಲು ಸಾಧ್ಯವಾಗುತ್ತದೆ.

ಮೊದಲನೆಯದು, ಹಳೆಯ ಅನಿಲದ ವಿಲೇವಾರಿ. ಆರ್-134ಎ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ತುಂಬಿಕೊಳ್ಳಬೇಕು. ಆರ್-600ಎ ಆದಲ್ಲಿ ಕಿಟಕಿ ಬಾಗಿಲು ತೆರೆದು, ಹತ್ತಿರದಲ್ಲಿ ಒಲೆ, ದೀಪ, ಬೀಡಿ ಇಲ್ಲದಂತೆ ನೋಡಿಕೊಳ್ಳಬೇಕು. ಅನಿಲ ಉಳಿದಿರುವ ಕೊಳವೆಗೆ ಬೆಂಕಿ ತಾಗಿಸದೆ, ಕಟ್ಟರಿನಿಂದ ಕತ್ತರಿಸುವುದೇ ಸುರಕ್ಷಿತ.

ಎರಡನೆಯದು, ಕೊಳವೆಗಳ ಶುದ್ಧಿ. ಸುಟ್ಟ ಕಂಪ್ರೆಸರಿನ ಎಣ್ಣೆ ಕಪ್ಪಾಗಿ, ಆಮ್ಲೀಯವಾಗಿ, ಘಾಟು ಬೀರುತ್ತದೆ. ಅದು ಕೊಳವೆಗಳಲ್ಲಿ ಉಳಿದರೆ ಹೊಸ ಕಂಪ್ರೆಸರನ್ನೂ ಕೊಲ್ಲುತ್ತದೆ. ಒಣ ನೈಟ್ರೋಜನ್ ಹಾಯಿಸಿ ಶುಚಿಗೊಳಿಸುವುದು ಅವಶ್ಯ.

ಮೂರನೆಯದು, ಹೊಸ ಕಂಪ್ರೆಸರಿನ ಜೋಡಣೆ. ಅದರ ಬಾಯಿಯ ರಬ್ಬರ್ ಮುಚ್ಚಳಗಳನ್ನು ಕೊನೆಯ ಗಳಿಗೆಯಲ್ಲಿ ಮಾತ್ರ ತೆಗೆಯಬೇಕು. ವಿಶೇಷವಾಗಿ ಆರ್-134ಎ ಕಂಪ್ರೆಸರಿನ ಎಣ್ಣೆ ಗಾಳಿಯ ತೇವವನ್ನು ಬೇಗನೆ ಹೀರಿಕೊಳ್ಳುತ್ತದೆ. ಮಳೆಗಾಲದ ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನೂ ಕೊರತೆಯಿಲ್ಲ. ಹೊಸ ಕಂಪ್ರೆಸರಿನೊಂದಿಗೆ ಹೊಸ ರಿಲೇ, ಹೊಸ ಓವರ್‌ಲೋಡ್, ಹೊಸ ಫಿಲ್ಟರ್ ಡ್ರೈಯರ್ ಇರಲೇಬೇಕು. ಡ್ರೈಯರ್ ಹಳೆಯದೇ ಉಳಿದರೆ, ತೇವವು ಕ್ಯಾಪಿಲರಿಯ ತುದಿಯಲ್ಲಿ ಮಂಜುಗಡ್ಡೆಯಾಗಿ ದಾರಿಯನ್ನು ಮುಚ್ಚಬಹುದು.

ನಾಲ್ಕನೆಯದು, ಸೋರಿಕೆಯ ಪರೀಕ್ಷೆ. ನೈಟ್ರೋಜನ್ ಒತ್ತಡ ಕೊಟ್ಟು ಬೆಸುಗೆಗಳಿಗೆ ಸಾಬೂನು ನೊರೆ ಹಚ್ಚಿ ನೋಡಲಾಗುತ್ತದೆ. ಇದಕ್ಕೆ ಆಮ್ಲಜನಕವನ್ನು ಎಂದಿಗೂ ಬಳಸಕೂಡದು. ಎಣ್ಣೆಯೊಂದಿಗೆ ಸೇರಿ ಸ್ಫೋಟಿಸಬಲ್ಲದು.

ಐದನೆಯದು, ನಿರ್ವಾತ. ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ಮತ್ತು ತೇವವನ್ನು ಪೂರ್ತಿಯಾಗಿ ಸೆಳೆಯಬೇಕು. ಅರ್ಧ ಗಂಟೆಗೂ ಮೇಲ್ಪಟ್ಟು ಹಿಡಿಯುವ ಈ ಹಂತವನ್ನೇ ಅವಸರದಲ್ಲಿ ಬಿಟ್ಟುಬಿಡುವುದುಂಟು. ಪಂಪ್ ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಏರದೆ ನಿಂತರೆ ಮಾತ್ರ ಮುಂದಿನ ಹೆಜ್ಜೆ. ವ್ಯಾಕ್ಯೂಮ್ ಪಂಪ್ ತಾರದೆ ಬಂದ ತಂತ್ರಜ್ಞರಿಗೆ ಕೆಲಸ ಒಪ್ಪಿಸದಿರುವುದೇ ಲೇಸು.

ಆರನೆಯದು, ತೂಕ ಮಾಡಿ ಅನಿಲ ತುಂಬುವುದು. ಫಲಕದಲ್ಲಿ ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಆರ್-600ಎ ಮನೆಬಳಕೆಯ ಫ್ರಿಜ್ಜಿನಲ್ಲಿ ಹಲವೇ ಹತ್ತು ಗ್ರಾಂಗಳಷ್ಟು ಮಾತ್ರ ಇರುವುದರಿಂದ ಹತ್ತು ಗ್ರಾಂ ವ್ಯತ್ಯಾಸವೂ ದೊಡ್ಡದು. ಚಿನ್ನವನ್ನು ಅಂದಾಜಿನಲ್ಲಿ ತೂಗದಂತೆ ಇದನ್ನೂ ಅಂದಾಜಿನಲ್ಲಿ ತುಂಬಬಾರದು. ಕೊನೆಗೆ ಯಂತ್ರವನ್ನು ಚಾಲನೆಗೊಳಿಸಿ, ಎಳೆಯುವ ವಿದ್ಯುತ್ ಪ್ರವಾಹವನ್ನು ಅಳೆದು, ಫಲಕದ ಅಂಕಿಯೊಡನೆ ಹೋಲಿಸಿ, ಇವಾಪರೇಟರ್ ಪೂರ್ತಿ ಹಿಮ ಕಟ್ಟುವುದನ್ನು ನೋಡಿ, ತುಂಬುವ ಕೊಳವೆಯನ್ನು ಮುಚ್ಚಲಾಗುತ್ತದೆ.

ದುರಸ್ತಿಯೋ, ಹೊಸ ಯಂತ್ರವೋ?

ಇದು ಲೆಕ್ಕದಿಂದ ತೀರ್ಮಾನವಾಗಬೇಕಾದ ವಿಷಯ. ಉದಾಹರಣೆಗೆ, ಆರು ವರ್ಷ ಹಳೆಯ ಕೂಲರಿಗೆ ಕಂಪ್ರೆಸರ್ ಬದಲಾವಣೆಯ ವೆಚ್ಚ 14,000 ರೂಪಾಯಿ, ಆಮೇಲೆ ನಾಲ್ಕು ವರ್ಷ ಬಾಳಿಕೆ ಎಂದು ಭಾವಿಸೋಣ. ವರ್ಷಕ್ಕೆ 3,500 ರೂಪಾಯಿ ಆಯಿತು. ಹೊಸ ಕೂಲರಿನ ಬೆಲೆ 45,000, ಹಳೆಯದರ ಗುಜರಿ ಬೆಲೆ 2,000, ಬಾಳಿಕೆ ಹತ್ತು ವರ್ಷ ಎಂದಾದರೆ ವರ್ಷಕ್ಕೆ 4,300 ರೂಪಾಯಿ. ಮೇಲ್ನೋಟಕ್ಕೆ ದುರಸ್ತಿಯೇ ಲಾಭ.

ಆದರೆ ಹಳೆಯ ಕೂಲರ್ ಹೊಸದಕ್ಕಿಂತ ದಿನಕ್ಕೆ ಎರಡು ಯೂನಿಟ್ ಹೆಚ್ಚು ವಿದ್ಯುತ್ ಬಳಸುತ್ತಿದ್ದರೆ, ಯೂನಿಟ್ಟಿಗೆ 8 ರೂಪಾಯಿಯಂತೆ ವರ್ಷಕ್ಕೆ 5,840 ರೂಪಾಯಿ ಸೇರಿ, ಹಳೆಯದರ ನಿಜವಾದ ವೆಚ್ಚ 9,340 ರೂಪಾಯಿಗೆ ಏರುತ್ತದೆ. ವ್ಯತ್ಯಾಸ ಅರ್ಧ ಯೂನಿಟ್ ಮಾತ್ರ ಆಗಿದ್ದಲ್ಲಿ ವೆಚ್ಚ 4,960 ರೂಪಾಯಿ, ಎಂದರೆ ಎರಡೂ ಬಹುತೇಕ ಸಮ. ಆದ್ದರಿಂದ ತೀರ್ಮಾನಕ್ಕೆ ಮುನ್ನ ಸಣ್ಣ ಪ್ಲಗ್ ಮೀಟರಿನಿಂದ ಅಂಗಡಿಯಲ್ಲಿನ ಚಾಲ್ತಿ ಯಂತ್ರಗಳ ಬಳಕೆಯನ್ನು ಒಂದು ದಿನ ಅಳೆದಿಟ್ಟುಕೊಂಡಿರುವುದು ಜಾಣತನ. ದುಡ್ಡು ಹಾಕುವ ಮೊದಲು ಕ್ಯಾಬಿನೆಟ್ಟಿನ ಸ್ಥಿತಿಯನ್ನೂ ನೋಡಬೇಕು. ತುಕ್ಕು ಹಿಡಿದು ಗೋಡೆಯೊಳಗಿನ ಕೊಳವೆ ಸೋರುತ್ತಿದ್ದರೆ ಹೊಸ ಕಂಪ್ರೆಸರ್ ವ್ಯರ್ಥ.

ಮತ್ತೊಂದು ಎಚ್ಚರಿಕೆ. ತಂಪುಪಾನೀಯ ಹಾಗೂ ಐಸ್‌ಕ್ರೀಮ್ ಕಂಪೆನಿಗಳು ಅಂಗಡಿಗೆ ಕೊಟ್ಟಿರುವ ಕೂಲರುಗಳು ಸಾಮಾನ್ಯವಾಗಿ ಆ ಕಂಪೆನಿಗಳ ಸ್ವತ್ತು. ಒಪ್ಪಂದಪತ್ರ ನೋಡದೆ ಅವನ್ನು ಬಿಚ್ಚಿಸಬಾರದು. ನಮ್ಮ ಆಸ್ತಿಪಟ್ಟಿಯಲ್ಲಿ ತೋರಿಸಿ ಸವಕಳಿ ಕೇಳಲೂಬಾರದು.

ಲೆಕ್ಕಪತ್ರ ಮತ್ತು ತೆರಿಗೆ

ಕೆಟ್ಟ ಕಂಪ್ರೆಸರಿನ ಬದಲು ಅದೇ ಸಾಮರ್ಥ್ಯದ ಇನ್ನೊಂದನ್ನು ಹಾಕಿಸಿದರೆ ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿ ಇಟ್ಟಂತಾಗುತ್ತದೆಯೇ ಹೊರತು ಹೊಸ ಆಸ್ತಿ ಸೃಷ್ಟಿಯಾಗುವುದಿಲ್ಲ. ಆದ್ದರಿಂದ ಅದು ಸಾಮಾನ್ಯವಾಗಿ ಚಾಲ್ತಿ ದುರಸ್ತಿ. ಇಡೀ ಮೊತ್ತ ಆ ವರ್ಷದ ವೆಚ್ಚ. ಇಡೀ ಯಂತ್ರವನ್ನೇ ಬದಲಾಯಿಸಿದರೆ ಅಥವಾ ಸಾಮರ್ಥ್ಯ ಹೆಚ್ಚಿಸಿದರೆ ಅದು ಬಂಡವಾಳ ವೆಚ್ಚ, ಶೇ. 15ರ ದರದಲ್ಲಿ ಸವಕಳಿ ಮಾತ್ರ ದೊರೆಯುತ್ತದೆ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಭೇದವನ್ನು ಸ್ಪಷ್ಟಪಡಿಸಿದೆ. ಅಲ್ಲಿ ಒಂದು ಪೂರ್ಣ ಯಂತ್ರವಾದ ರಿಂಗ್ ಫ್ರೇಮಿನ ಬದಲಾವಣೆಯನ್ನು ಚಾಲ್ತಿ ದುರಸ್ತಿ ಎಂದು ಒಪ್ಪಲಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನಕ್ಕೆ 2025ರ ಕಾಯ್ದೆ ಬಂದು ಕಲಮುಗಳ ಸಂಖ್ಯೆ ಬದಲಾದರೂ ಈ ತತ್ತ್ವವನ್ನು ಗಮನದಲ್ಲಿಡಬೇಕು.

ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ, ನಿಯಮಗಳಲ್ಲಿ ಹೇಳಿರುವ ವಿನಾಯಿತಿಗಳ ಹೊರತು, ಆ ವೆಚ್ಚ ತಿರಸ್ಕೃತವಾಗುತ್ತದೆ. ನನ್ನ ಕಕ್ಷಿದಾರರು ನಗದಾಗಿ ತೆತ್ತ ಎರಡೂ ಮೊತ್ತಗಳಿಗೆ ಆದ ಗತಿ ಇದೇ. ಚೆಕ್ ಅಥವಾ ಯುಪಿಐ ಮೂಲಕ ಪಾವತಿಸಿ ಬಿಲ್ ಪಡೆದಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಅಂದಾಜು ಆದಾಯದ ಯೋಜನೆಯಲ್ಲಿ ತೆರಿಗೆ ಕಟ್ಟುವವರಿಗೆ ಇಂಥ ವೆಚ್ಚವನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ ಎಂಬುದನ್ನೂ ನೆನಪಿಡಬೇಕು.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಸಾಮಾನ್ಯ ನೋಂದಣಿ ಇರುವವರು ತಮ್ಮ ನೋಂದಣಿ ಸಂಖ್ಯೆ ನಮೂದಿಸಿದ ತೆರಿಗೆ ಬಿಲ್ ಪಡೆದರೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. 14,000 ರೂಪಾಯಿ ಬಿಲ್ಲಿಗೆ ಶೇ. 18ರಂತೆ 2,520 ರೂಪಾಯಿ ತೆರಿಗೆ ಸೇರಿದರೂ ಅದು ಜಮೆಯಾಗಿ ಮರಳುತ್ತದೆ. ರಾಜಿ ತೆರಿಗೆ ಯೋಜನೆಯವರಿಗೂ ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲುಗಳಿಗೂ ಈ ಸೌಲಭ್ಯವಿಲ್ಲ. ಆದರೂ ಬಿಲ್ ಅಗತ್ಯ, ಏಕೆಂದರೆ ಕಂಪ್ರೆಸರಿನ ಕ್ರಮಸಂಖ್ಯೆ ನಮೂದಾದ ಬಿಲ್ಲೇ ಖಾತರಿಯ ಆಧಾರ. ನನ್ನ ಕಕ್ಷಿದಾರರು ತೆರಿಗೆ ಉಳಿಸಲು ಬಿಲ್ ಬಿಟ್ಟರು. ಎರಡನೆಯ ಕಂಪ್ರೆಸರಿನ ಪೂರ್ಣ ಬೆಲೆ ತೆತ್ತರು.

ಕಳಚಿದ ಹಳೆಯ ಕಂಪ್ರೆಸರಿನಲ್ಲಿ ತಾಮ್ರ ಇರುವುದರಿಂದ ಅದಕ್ಕೂ ಬೆಲೆಯುಂಟು. ಅದನ್ನು ತಂತ್ರಜ್ಞರಿಗೆ ಬಿಟ್ಟುಕೊಡುವುದಾದರೆ ಆ ಮೊತ್ತವನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಬೇಕು. ಇಡೀ ಫ್ರಿಜ್ಜನ್ನೇ ವಿಲೇವಾರಿ ಮಾಡುವವರು 2022ರ ಇ-ತ್ಯಾಜ್ಯ ನಿಯಮಗಳ ಮೇರೆಗೆ ನೋಂದಾಯಿತ ಮರುಬಳಕೆದಾರರಿಗೆ ತಲುಪುವಂತೆ ನೋಡಿಕೊಳ್ಳುವುದು ಯುಕ್ತ.

ಸಾರಾಂಶ

ಕಂಪ್ರೆಸರ್ ತಾನಾಗಿ ಸಾಯುವುದಕ್ಕಿಂತ ಕಡಿಮೆ ವೋಲ್ಟೇಜ್, ಸೋರಿಕೆ, ಧೂಳು, ತೇವ ಇವುಗಳಿಂದ ಸಾಯುವುದೇ ಹೆಚ್ಚು. ಕಾರಣವನ್ನು ಉಳಿಸಿ ಕಂಪ್ರೆಸರನ್ನು ಮಾತ್ರ ಬದಲಾಯಿಸಿದರೆ ಅದೇ ಖರ್ಚನ್ನು ಮತ್ತೆ ಬರೆಯಬೇಕಾಗುತ್ತದೆ. ಆದ್ದರಿಂದ ಕೆಲಸ ಒಪ್ಪಿಸುವಾಗ ಸದಸ್ಯರು ಆರು ಅಂಶಗಳನ್ನು ಬರವಣಿಗೆಯಲ್ಲಿ ಪಡೆಯಲಿ: ಕೆಟ್ಟದ್ದಕ್ಕೆ ಕಾರಣ, ಹೊಸ ಕಂಪ್ರೆಸರಿನ ಮಾದರಿ ಮತ್ತು ಕ್ರಮಸಂಖ್ಯೆ, ಡ್ರೈಯರ್ ಹಾಗೂ ರಿಲೇ ಬದಲಾವಣೆ, ನಿರ್ವಾತ ಮಾಡಿದ ಅವಧಿ, ತುಂಬಿದ ಅನಿಲದ ಹೆಸರು ಮತ್ತು ತೂಕ, ಖಾತರಿಯ ಅವಧಿ. ಈ ಆರು ಸಾಲುಗಳಿರುವ ಬಿಲ್ಲನ್ನು ಫ್ರಿಜ್ಜಿನ ಹಿಂಬದಿಗೊಂದು ಪ್ರತಿ, ಕಡತಕ್ಕೊಂದು ಪ್ರತಿ ಎಂದು ಇರಿಸಿಕೊಂಡಲ್ಲಿ ಮುಂದಿನ ಮಳೆಗಾಲದಲ್ಲಿ ತಂತ್ರಜ್ಞರಿಗೂ ವರ್ಷಾಂತ್ಯದಲ್ಲಿ ಲೆಕ್ಕ ಪರಿಶೋಧಕರಿಗೂ ಅನುಕೂಲವಾಗುವುದರಲ್ಲಿ ಸಂದೇಹವಿಲ್ಲ.